ಫರಸಿ ಕಟ್ಟೆ: ಆಸಿಡ್ ಬಾಟ್ಲಿಯ ಮುಚ್ಚಳ ತೆಗೆಯುವ ಮುಂಚೆ

ಈ ತಿಂಗಳು ಬಂದ ಹನ್ನೊಂದು ಪತ್ರಗಳಲ್ಲಿ ಏಳರೊಳಗೆ ಆಸಿಡ್ ಇದೆ. ಒಬ್ಬರು ಹಾಕಿ ಕೆಡಿಸಿಕೊಂಡಿದ್ದಾರೆ, ಒಬ್ಬರು ಹಾಕಲೇ ಎಂದು ಕೇಳಿದ್ದಾರೆ, ಇನ್ನೊಬ್ಬರು ಹಾಕಿದ್ದನ್ನು ಮುಚ್ಚಿಟ್ಟು ‘ತಾನೇ ಬೆಳ್ಳಗಾಯಿತು’ ಎಂದು ಬರೆದಿದ್ದಾರೆ. ಸಾಹುಕಾರ್ರೇ, ಫರಸಿ, ಅಂದರೆ ನೆಲಕ್ಕೆ ಹಾಸಿದ ಕಲ್ಲು, ತಾನೇ ಬೆಳ್ಳಗಾಗುವುದಿಲ್ಲ. ನಲವತ್ತು ವರ್ಷ ನೆಲ ಪಾಲಿಶ್ ಮಾಡುವ ಕೆಲಸದಲ್ಲಿ ಮೊಣಕಾಲು ಸವೆಸಿಕೊಂಡವನಿಗೆ ಅಷ್ಟು ಗೊತ್ತಾಗುತ್ತದೆ. ಜಾಗ ಇದ್ದಷ್ಟಕ್ಕೆ ಆರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ತಂದೆ ಕಟ್ಟಿಸಿದ ಎರಡಂತಸ್ತಿನ ಕಾಂಪ್ಲೆಕ್ಸ್ ಇದೆ. ಹದಿನಾಲ್ಕು ಅಂಗಡಿ. ಓಡಾಡುವ ಪಡಸಾಲೆ, ಮೆಟ್ಟಿಲು ಎಲ್ಲ ಶಹಾಬಾದ ಫರಸಿ. ದೀಪಾವಳಿಗೆ ಬಣ್ಣ ಹಚ್ಚಿಸಿದಾಗ ನೆಲಕ್ಕೆ ಬಿದ್ದ ಸುಣ್ಣ-ಬಣ್ಣದ ಡಾಗು ತೆಗೆಯಲು ಆಳುಗಳು ಆಸಿಡ್ ಸುರಿದು ತಿಕ್ಕಿದರು. ತೊಳೆದ ಹೊತ್ತಿಗೆ ಬಹಳ ಚಂದ ಕಂಡಿತು. ಒಣಗಿದ ಮೇಲೆ ನೋಡಿದರೆ ಬೂದಿ ಬಳಿದಂತೆ ಬೆಳ್ಳಗೆ, ಕೈಯಾಡಿಸಿದರೆ ಪಾಲಿಶ್ ಪೇಪರಿನಂತೆ ಒರಟು. ಈಗ ದಿನಾ ಒರೆಸಿದರೂ ಮರುದಿನ ಕಪ್ಪು. ಬಾಡಿಗೆದಾರರು ಟೈಲ್ಸ್ ಹಾಕಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಟೈಲ್ಸ್ ಅಂಗಡಿಗೆ ಹೋಗಬೇಡಿ. ನಿಮ್ಮ ಫರಸಿ ಸತ್ತಿಲ್ಲ, ಅದರ ಮೇಲಿನ ಚರ್ಮ ಹೋಗಿದೆ ಅಷ್ಟೇ.

ಶಹಾಬಾದ ಫರಸಿ ಎಂದರೆ ಸುಣ್ಣದ ಕಲ್ಲು. ಶಹಾಬಾದ, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಸಾಲುಗಟ್ಟಿ ನಿಂತಿರುವುದು ಇದೇ ಸುಣ್ಣದ ಕಲ್ಲಿಗಾಗಿ. ಸುಣ್ಣದ ಕಲ್ಲಿಗೆ ಆಸಿಡ್ ಬಿದ್ದರೆ ಕಲ್ಲೇ ಕರಗಿ ನೊರೆಯಾಗಿ ಹೋಗುತ್ತದೆ. ಆ ನೊರೆಯನ್ನು ನೋಡಿದವರು ‘ಕೊಳೆ ಎದ್ದು ಬರ್ತಾ ಇದೆ’ ಅಂದುಕೊಳ್ಳುತ್ತಾರೆ. ಎದ್ದು ಬರುತ್ತಿರುವುದು ನಿಮ್ಮ ತಂದೆ ರೊಕ್ಕ ಕೊಟ್ಟು ತಂದ ಕಲ್ಲು.

ಇದನ್ನು ಬಹಳ ಶಾಣ್ಯಾನಂತೆ ಹೇಳುತ್ತಿದ್ದೇನೆ, ಆದರೆ ನಾನೂ ಇದನ್ನೇ ಮಾಡಿದವನು. 1983ರಲ್ಲಿ ಹಳೇ ಬಾಗಲಕೋಟೆಯಲ್ಲಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಪಾಲಿಶ್ ಮಷಿನ್ನಿನ ವೈರು ಹಿಡಿಯುವ ಹುಡುಗನಾಗಿದ್ದೆ. ಒಂದು ಕಚೇರಿಯ ಹಾಲ್‌ನಲ್ಲಿ ಮಿಸ್ತ್ರಿ ಚಹಾಕ್ಕೆ ಹೋದಾಗ, ಅವರು ಬರುವಷ್ಟರಲ್ಲಿ ಕೆಲಸ ಮುಗಿಸಿ ಶಭಾಷ್ ಅನ್ನಿಸಿಕೊಳ್ಳೋಣ ಎಂದು ಮೂಲೆಯಲ್ಲಿದ್ದ ಆಸಿಡ್ ಕ್ಯಾನ್ ಅರ್ಧ ಸುರಿದೆ. ಸುಯ್ ಅಂತ ಸದ್ದು. ಮಿಸ್ತ್ರಿ ಬಾಗಿಲಲ್ಲೇ ನಿಂತು, ‘ಏ ತಮ್ಮಾ, ಫರಸಿ ಕುದ್ಯಾಕತ್ತೈತಲ್ಲೋ! ನೀರು ಹಾಕೋ, ನೀರು!’ ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಎಂಟು ದಿನದ ಪಗಾರ ಹೋಯಿತು. ಆ ಹಾಲ್ ಈಗ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ, ಹಾಗಾಗಿ ಸಾಕ್ಷಿ ಉಳಿದಿಲ್ಲ.

ಈಗ ನಿಮ್ಮ ಕೆಲಸ. ನೆಲವನ್ನು ಬರೀ ನೀರಿನಿಂದ ಎರಡು ಸಲ ತೊಳೆಸಿ, ಸಂದಿನಲ್ಲಿ ಆಸಿಡ್ ಉಳಿಯಬಾರದು. ನಂತರ ಮೊಸಾಯಿಕ್ ತಿಕ್ಕುವ ಮಷಿನ್ ಇರುವವರನ್ನು ಕರೆಸಿ. ಅವರು 60ನೇ ನಂಬರ್ ತಿಕ್ಕುವ ಕಲ್ಲಿನಿಂದ ಶುರು ಮಾಡಿ 120, ಆಮೇಲೆ 320 ಎಂದು ಏರುತ್ತ ಹೋಗಬೇಕು, ನಂಬರ್ ಏರಿದಷ್ಟು ಕಲ್ಲು ನುಣುಪು. ನಡುವಿನದನ್ನು ಹಾರಿಸಿ 60ರಿಂದ ನೇರ 320ಕ್ಕೆ ಜಿಗಿದರೆ ಗೀರು ಉಳಿಯುತ್ತವೆ. ಬಿಸಿಲು ಓರೆಯಾಗಿ ಬಿದ್ದಾಗ ಕಾಣುತ್ತವೆ, ಬಿಲ್ ಕೊಡುವ ದಿನ ಕಾಣುವುದಿಲ್ಲ. ಸಂಜೆ ಐದಕ್ಕೆ ಹೋಗಿ ನೋಡಿ. ಒಂದು ಅಂಗಡಿಯ ಮುಂದಿನ ಪಟ್ಟಿಯನ್ನು ಮೊದಲು ಮಾಡಿಸಿ, ಒಪ್ಪಿಗೆಯಾದರೆ ಮುಂದಿನದು. ನೀರು ಹಾಕಿಯೇ ತಿಕ್ಕಬೇಕು. ನೀರಿಲ್ಲದೆ ತಿಕ್ಕಿದರೆ ಧೂಳು ಆಳಿನ ಪುಪ್ಪುಸಕ್ಕೆ ಹೋಗುತ್ತದೆ. ನೀರು ಇದ್ದಲ್ಲಿ ಕರೆಂಟೂ ಇರುವುದರಿಂದ ವೈರಿಗೆ ಜೋಡು ಇರದಂತೆ ನೋಡಿಕೊಳ್ಳಿ, ಕಾಲಿಗೆ ರಬ್ಬರ್ ಬೂಟು ಕೊಡಿಸಿ. ನಾವೆಲ್ಲ ಬರಿಗಾಲಲ್ಲಿ ನಿಂತವರು. ಬದುಕಿದ್ದು ಪುಣ್ಯ.

ಪಡಸಾಲೆಗೆ ಹೊಳಪು ಬೇಕಾದರೆ 320ರ ಮೇಲೂ ಹೋಗಬಹುದು. ಮೆಟ್ಟಿಲಿಗೆ ಮಾತ್ರ 120ಕ್ಕೆ ನಿಲ್ಲಿಸಿ. ಕನ್ನಡಿಯಂಥ ಮೆಟ್ಟಿಲು ಮಳೆಗಾಲದಲ್ಲಿ ಯಾರದೋ ಸೊಂಟ ಮುರಿಯುತ್ತದೆ. ‘ಮೇಲೆ ವಾರ್ನಿಷ್ ಹೊಡೆದು ಕೊಡ್ತೀವ್ರೀ, ಹತ್ತು ವರ್ಷ ನೋಡಬ್ಯಾಡ್ರಿ’ ಎನ್ನುವವರು ಬಂದೇ ಬರುತ್ತಾರೆ. ಕೆಳಗಿನಿಂದ ತೇವ ಏಳುವ ಫರಸಿಗೆ ಅದು ಆರು ತಿಂಗಳಲ್ಲಿ ಹಪ್ಪಳದ ಹಾಗೆ ಏಳುತ್ತದೆ.

ಆಮೇಲೆ ದಿನದ ಕೆಲಸ. ಫರಸಿ ಸವೆಯುವುದು ಕಾಲಿನಿಂದಲ್ಲ, ಕಾಲಿನಡಿಯ ಉಸುಕಿನಿಂದ. ಒದ್ದೆ ಅರಿವೆ ಹಿಡಿಯುವ ಮುಂಚೆ ಒಣ ಕಸ ಪೂರ್ತಿ ತೆಗೆಯಬೇಕು. ನೀರಿಗೆ ಬೆರೆಸುವ ಸೋಪು ಬಾಟ್ಲಿಯ ಮೇಲೆ ಬರೆದಷ್ಟೇ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಆಗುವುದಿಲ್ಲ, ಅಂಟು ಉಳಿದು ಧೂಳನ್ನು ಹಿಡಿದಿಡುತ್ತದೆ. ಎರಡು ಬಕೀಟು ಇಡಿಸಿ: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಅರಿವೆ ಜಾಲಾಡಿಸುವ ನೀರು. ಒಂದೇ ಬಕೀಟಿನಲ್ಲಿ ಹದಿನಾಲ್ಕು ಅಂಗಡಿಯ ಮುಂದೆ ಒರೆಸಿದರೆ ಮೊದಲನೇ ಅಂಗಡಿಯ ಕೊಳೆ ಹದಿನಾಲ್ಕನೆಯದಕ್ಕೆ ಹೋಗಿರುತ್ತದೆ. ನಿಮ್ಮ ಕಡೆಯ ಬೋರಿನ ನೀರು ಗಡುಸು, ಒಣಗಿದರೆ ಬಿಳಿ ಪೊರೆ ಬಿಡುತ್ತದೆ. ಕೊನೆಯ ಸಲ ಹಿಂಡಿದ ಅರಿವೆಯಿಂದ ಒರೆಸಿ, ನೀರು ನೆಲದ ಮೇಲೆ ತಾನೇ ಆರಲು ಬಿಡಬೇಡಿ.

ಇನ್ನು ಮುಂದೆ ಯಾವ ಫರಸಿ ಎಂಬ ಅನುಮಾನ ಬಂದರೆ, ಕಪಾಟಿನ ಕೆಳಗಿನ ಕಾಣದ ಮೂಲೆಯಲ್ಲಿ ಒಂದು ಹನಿ ಲಿಂಬಿಹಣ್ಣಿನ ರಸ ಹಾಕಿ ಎರಡು ನಿಮಿಷ ಬಿಟ್ಟು ಒರೆಸಿ. ಆ ಜಾಗ ಮಂಕಾದರೆ ಅದು ಸುಣ್ಣದ ಬಳಗ: ಶಹಾಬಾದ, ಕೋಟಾ, ಸಂಗಮರಮರಿ (ಮಾರ್ಬಲ್), ಮೊಸಾಯಿಕ್. ಅದರ ಹತ್ತಿರ ಆಸಿಡ್ ಸುಳಿಯಬಾರದು. ಟಾಯ್ಲೆಟ್ ತೊಳೆಯುವ ಬಾಟ್ಲಿಯೂ ಆಸಿಡ್ಡೇ ಎಂಬುದನ್ನು ಆಳುಗಳಿಗೆ ಬಿಡಿಸಿ ಹೇಳಿ.

ಪ್ರಶ್ನೆ: ಮಹಾಲಿಂಗಪುರದಲ್ಲಿ ನಮ್ಮದು ಬೆಲ್ಲದ ಅಡತಿ ಅಂಗಡಿ. ಗೋದಾಮಿನ ಸಿಮೆಂಟ್ ಕೋಬಾ ಅಲ್ಲಲ್ಲಿ ಕಿತ್ತು ಕುಳಿ ಬಿದ್ದಿದೆ. ಗವಂಡಿಯನ್ನು ಕರೆಸಿ ಮೂರು ಸಲ ತೇಪೆ ಹಾಕಿಸಿದೆ. ಮೂರು ಸಲವೂ ಹಿಟ್ಟಿನಂತೆ ಉದುರಿತು. ಗವಂಡಿ ಸಿಮೆಂಟ್ ಕೆಟ್ಟದ್ದು ಅಂತಾನೆ, ಸಿಮೆಂಟ್ ಅಂಗಡಿಯವ ಗವಂಡಿ ಕೆಟ್ಟವ ಅಂತಾನೆ.

ಉತ್ತರ: ಇಬ್ಬರೂ ಒಳ್ಳೆಯವರೇ ಇರಬೇಕು. ತಪ್ಪು ನಿಮ್ಮ ಬೆಲ್ಲದ್ದು.

ಸಕ್ಕರೆಗೂ ಸಿಮೆಂಟಿಗೂ ಹುಟ್ಟಾ ವೈರ. 50 ಕೆ.ಜಿ. ಸಿಮೆಂಟ್ ಚೀಲಕ್ಕೆ ನೂರು ಗ್ರಾಂ ಸಕ್ಕರೆ ಬಿದ್ದರೆ ಸಾಕು, ಅದು ಗಟ್ಟಿಯಾಗುವ ಲೆಕ್ಕವೆಲ್ಲ ತಪ್ಪಿಹೋಗುತ್ತದೆ. ವರ್ಷಗಟ್ಟಲೆ ಬೆಲ್ಲದ ಪಾಕ ಇಳಿದ ಕುಳಿಯಲ್ಲಿ ಗವಂಡಿ ಹೊಸ ಮಾಲು ತುಂಬಿದ. ತಳದ ಬೆಲ್ಲ ಮಾಲಿನೊಳಗೆ ಏರಿತು. ಮೇಲೆ ಗಟ್ಟಿ ಕಂಡರೂ ತಳ ಹಿಡಿಯಲಿಲ್ಲ, ಮೊದಲ ಬೆಲ್ಲದ ಪೆಂಟಿ ಬಿದ್ದಾಗ ಎದ್ದುಬಂತು. ಹಳೆಯ ಕೋಬಾ ಕಿತ್ತಿದ್ದಕ್ಕೂ ಇದೇ ಕಾರಣ. ಗಟ್ಟಿಯಾದ ಸಿಮೆಂಟಿನಲ್ಲಿರುವ ಸುಣ್ಣವನ್ನು ಬೆಲ್ಲದ ನೀರು ಮೆಲ್ಲಗೆ ತಿನ್ನುತ್ತದೆ, ಬೆಲ್ಲ ಹುಳಿತರಂತೂ ಅದೂ ಒಂದು ಆಸಿಡ್ಡೇ ಆಯಿತು. ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿ ಚೆಲ್ಲುವ ಕಡೆ ನೆಲ ನೋಡಿದವರಿಗೆ ಇದು ಹೊಸದಲ್ಲ.

ಹೀಗೆ ಮಾಡಿ. ಕುಳಿಯ ಸುತ್ತ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಒಡೆಸಿ, ಎರಡಿಂಚು ಆಳಕ್ಕೆ ಇಳಿದರೂ ಪರವಾಗಿಲ್ಲ. ಬಿಸಿನೀರಿನಿಂದ ನಾಲ್ಕೈದು ಸಲ ತೊಳೆಸಿ, ಕೊನೆಯ ನೀರನ್ನು ಬೆರಳಿಗೆ ಮುಟ್ಟಿಸಿ ನೋಡಿ, ಅಂಟಬಾರದು. ನೀರು ಎತ್ತಿ ಹಾಕಿಸಿ, ಒಂದು ದಿನ ಆರಲಿ. ಆಮೇಲೆ ತೇಪೆ. ಮಾಲು ಕಲಿಸುವ ಜಾಗವೂ ಗೋದಾಮಿನ ಹೊರಗಿರಲಿ, ಬೆಲ್ಲ ತೂಗುವ ಬುಟ್ಟಿಯಲ್ಲಿ ಉಸುಕು ಹೊರಿಸಬೇಡಿ. ನಗಬೇಡಿ, ರಬಕವಿ ಕಡೆ ಒಂದು ಗೋದಾಮಿನಲ್ಲಿ ಇದನ್ನೂ ನೋಡಿದ್ದೇನೆ.

ರೊಕ್ಕ ಹೂಡುವ ಮನಸ್ಸಿದ್ದರೆ ಬೆಲ್ಲ ಇಳಿಸುವ ಭಾಗಕ್ಕಷ್ಟೇ ಇಳಕಲ್ಲಿನ ಗ್ರಾನೈಟ್ ತುಂಡು ಹಾಸಿಸಿ, ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸಿ. ಗ್ರಾನೈಟನ್ನು ಬೆಲ್ಲ ಏನೂ ಮಾಡುವುದಿಲ್ಲ. ಉಳಿದ ಕಡೆ ಕಟ್ಟಿಗೆಯ ಹಲಗೆ ಇಟ್ಟು ಅದರ ಮೇಲೆ ಪೆಂಟಿ ಪೇರಿಸಿ, ನೆಲಕ್ಕೂ ಬೆಲ್ಲಕ್ಕೂ ನಾಲ್ಕು ಬೆರಳು ಅಂತರ ಇರಲಿ. ಒಣ ಬೆಲ್ಲ ಅಂಟಿದ್ದನ್ನು ಸಲಾಕೆಯಿಂದ ಕುಟ್ಟಬೇಡಿ. ಬಿಸಿನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿ ಅರ್ಧ ತಾಸು ಬಿಡಿ, ತಾನೇ ಕರಗುತ್ತದೆ. ಇದಕ್ಕೆ ಯಾವ ಕೆಮಿಕಲ್ಲೂ ಬೇಡ. ಇರುವೆ ಬಗ್ಗೆ ಬೇರೆ ಕೇಳಿದ್ದೀರಿ. ಬೆಲ್ಲ ನೆಲದ ಮೇಲಿಂದ ಹೋದರೆ ಅವೂ ಹೋಗುತ್ತವೆ.

ಪ್ರಶ್ನೆ: ನಾನು ಬೆಳಗಾವಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿ. ನಮ್ಮ ಕೆಲಸದ ಹೆಂಗಸರು ಬ್ಲೀಚಿಂಗ್ ನೀರಿಗೆ ಸ್ವಲ್ಪ ಟಾಯ್ಲೆಟ್ ಆಸಿಡ್ ಹಾಕಿ ಬಾತ್‌ರೂಮ್ ನೆಲ ತೊಳೆಯುತ್ತಾರೆ, ಬೇಗ ಬೆಳ್ಳಗಾಗುತ್ತದಂತೆ. ಮೊನ್ನೆ ಒಬ್ಬಾಕೆಗೆ ಕೆಮ್ಮು ನಿಲ್ಲಲಿಲ್ಲ, ಕಣ್ಣಲ್ಲಿ ನೀರು. ಇದು ವಾಸನೆಯಿಂದ ಆದದ್ದೇ?

ಉತ್ತರ: ಅಕ್ಕಾವ್ರೇ, ಈ ಪತ್ರ ಓದಿದ ಕೂಡಲೇ ಅದನ್ನು ನಿಲ್ಲಿಸಿ. ಇವತ್ತೇ. ಬ್ಲೀಚಿಂಗಿಗೆ ಆಸಿಡ್ ಸೇರಿದರೆ ಕ್ಲೋರಿನ್ ಗಾಳಿ ಹುಟ್ಟುತ್ತದೆ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಅದು ಜೀವ ತೆಗೆಯಬಹುದು. ಆಕೆಯನ್ನು ಡಾಕ್ಟರಿಗೆ ತೋರಿಸಿ, ನೀವು ಇರುವುದೇ ಆಸ್ಪತ್ರೆಯಲ್ಲಿ. ಎರಡೂ ಬಾಟ್ಲಿಗಳನ್ನು ಒಂದೇ ಕಪಾಟಿನಲ್ಲಿ ಇಡಬೇಡಿ, ಎರಡಕ್ಕೂ ಬೇರೆ ಬಣ್ಣದ ಬಕೀಟು ಕೊಡಿ. ಓದಲು ಬರದವರೂ ಬಣ್ಣ ಗುರುತಿಸುತ್ತಾರೆ.

ಬ್ಲೀಚ್ ದ್ರಾವಣದ ಅಳತೆಯನ್ನೂ ಹೇಳಿಬಿಡುತ್ತೇನೆ. ರಕ್ತ, ವಾಂತಿ ಬಿದ್ದ ಕಡೆ ಶೇಕಡಾ 1ರ ಹೈಪೊಕ್ಲೋರೈಟ್ ಬೇಕು. ಕ್ಯಾನಿನ ಮೇಲೆ ಶೇಕಡಾ 5 ಎಂದಿದ್ದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಶೇಕಡಾ 10 ಎಂದಿದ್ದರೆ ಒಂಬತ್ತು ಲೋಟ. ನಿನ್ನೆ ಬೆರೆಸಿದ್ದು ಇವತ್ತಿಗೆ ಬೇಡ, ಅದರ ಶಕ್ತಿ ಇಳಿದಿರುತ್ತದೆ. ಹಾಕಿದ ಕೂಡಲೇ ಒರೆಸಿದರೆ ಹಾಕಿದ್ದೇ ದಂಡ, ಕನಿಷ್ಠ ಹತ್ತು ನಿಮಿಷ ಬಿಡಬೇಕು. ವಾರ್ಡಿನಲ್ಲಿ ಒಣ ಕಸಬರಿಗೆ ಬಳಸಬೇಡಿ, ಧೂಳಿನ ಜೊತೆ ರೋಗವೂ ಹಾರುತ್ತದೆ. ಸ್ವಚ್ಛ ಇರುವ ಕಡೆಯಿಂದ ಹೊಲಸು ಇರುವ ಕಡೆಗೆ ಒರೆಸುತ್ತ ಹೋಗಬೇಕು, ಬಾತ್‌ರೂಮಿನ ಅರಿವೆ ವಾರ್ಡಿಗೆ ಬರಬಾರದು.

ಬೆಳಗಾವಿಯ ಮಳೆಗಾಲ ಎಂದರೆ ಕೆಂಪು ರಾಡಿ. ಬಾಗಿಲಿಗೆ ಒಂದು ಕೈವಸ್ತ್ರದಷ್ಟು ಕಾಲೊರಸು ಇಟ್ಟರೆ ಅದನ್ನು ಎಲ್ಲರೂ ದಾಟಿಯೇ ಹೋಗುತ್ತಾರೆ. ಆರೇಳು ಹೆಜ್ಜೆಯಷ್ಟು ಉದ್ದದ ಮ್ಯಾಟ್ ಹಾಸಿಸಿ, ದಾಟಲು ಆಗಬಾರದು. ‘ನೆಲ ಒದ್ದೆ ಇದೆ’ ಎಂಬ ಹಳದಿ ಫಲಕದಲ್ಲಿ ಜಾರಿ ಬೀಳುವ ಮನುಷ್ಯನ ಚಿತ್ರ ಇರಲಿ. ಮಹಾರಾಷ್ಟ್ರದ ಚಂದಗಡ, ಗಡಹಿಂಗ್ಲಜ ಕಡೆಯಿಂದ ಬಂದ, ಕನ್ನಡ ಓದಲು ಬರದ ಅಜ್ಜಿಗೂ ತಿಳಿಯಬೇಕಲ್ಲ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನನ್ನ ಮೊಬೈಲ್ ಶೋರೂಮ್ ಇದೆ. ಮೇ ತಿಂಗಳ ಒಂದು ಮಧ್ಯಾಹ್ನ ಬಾಂಬ್ ಸಿಡಿದಂತೆ ಸದ್ದಾಗಿ ನಡುಮನೆಯ ಆರು ಟೈಲ್ಸ್ ಡೇರೆಯ ಹಾಗೆ ಎದ್ದು ನಿಂತವು. ಗಿರಾಕಿಗಳು ಓಡಿಹೋದರು. ನಮ್ಮ ಮಾವ ಭೂಕಂಪ ಎಂದರು, ಪಕ್ಕದ ಅಂಗಡಿಯವರು ವಾಸ್ತು ಎಂದರು.

ಉತ್ತರ: ಎರಡೂ ಅಲ್ಲ, ತಮ್ಮಾ. ಟೈಲ್ಸ್ ಉಸಿರಾಡಲು ಜಾಗ ಇರಲಿಲ್ಲ.

ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ 0.5ರಷ್ಟು ಕೂಡ ನೀರು ಹೀರುವುದಿಲ್ಲ. ಒರೆಸುವುದಕ್ಕೆ ಅದು ಅನುಕೂಲ, ಅಂಟಿಸುವುದಕ್ಕೆ ತೊಂದರೆ. ಹಳೆಯ ರೂಢಿಯಂತೆ ಸಿಮೆಂಟ್ ಹಾಲು ಸುರಿದು, ಅಥವಾ ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಕೂರಿಸಿದರೆ ಅದು ಹಿಡಿದುಕೊಂಡಿರುವುದೇ ಇಲ್ಲ, ಸುಮ್ಮನೆ ಕೂತಿರುತ್ತದೆ. ಮೇಲಾಗಿ ‘ಗೆರೆ ಕಾಣಬಾರದು’ ಎಂದು ನೀವೇ ಹೇಳಿ ಒಂದಕ್ಕೊಂದು ಒತ್ತಿ ಹಾಕಿಸಿರುತ್ತೀರಿ. ಬಾಗಲಕೋಟೆಯ ಮೇ ತಿಂಗಳ ಬಿಸಿಲು ಗಾಜಿನ ಬಾಗಿಲಿನಿಂದ ಒಳಗೆ ಬಿತ್ತು, ಟೈಲ್ಸ್ ಕೂದಲೆಳೆಯಷ್ಟು ಹಿಗ್ಗಿದವು, ಗೋಡೆಯಿಂದ ಗೋಡೆಗೆ ಸಂದಿಲ್ಲ, ಹೋಗುವುದೆಲ್ಲಿಗೆ? ಮೇಲಕ್ಕೆ.

ಎದ್ದವನ್ನೇ ಮತ್ತೆ ಕೂರಿಸಬೇಡ. ಮೊದಲು ಇಡೀ ಅಂಗಡಿಯಲ್ಲಿ ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ಬಡಿದು ಕೇಳು. ಡೊಳ್ಳು ಡೊಳ್ಳು ಅನ್ನುವುದಕ್ಕೆ ಸೀಮೆಸುಣ್ಣದ ಗುರುತು ಹಾಕು. ಅವಷ್ಟನ್ನೂ ಎಬ್ಬಿಸಿ, ಟೈಲ್ ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ತಳಕ್ಕೆ ಬಳಿದು, ಎರಡು ಮಿಲಿಮೀಟರ್ ಸಂದು ಬಿಟ್ಟು ಹಾಕಿಸು. ಗೋಡೆಯ ಅಂಚಿಗೆ ಅರ್ಧ ಬೆರಳಿನಷ್ಟು ಜಾಗ ಬಿಡಿಸು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಬಾಗಿಲ ಬಳಿ ಬಿಸಿಲು ಬೀಳುವ ಕಡೆ ಒಂದು ಸಾಲಿಗೆ ಸಿಮೆಂಟಿನ ಬದಲು ರಬ್ಬರಿನಂತೆ ಮಣಿಯುವ ಸೀಲೆಂಟ್ ತುಂಬಿಸು.

ಇನ್ನೊಂದು ಮಾತು. ನಿನ್ನ ಅಂಗಡಿ ನೆಲಮಟ್ಟದಲ್ಲಿದ್ದು, ಕೆಳಗಿನ ಎರಿಮಣ್ಣನ್ನು ತೆಗೆಯದೆ ಕಟ್ಟಿದ್ದರೆ, ಮಳೆಗಾಲದಲ್ಲಿ ಅದು ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆಗ ಬಿರುಕು ಟೈಲಿನಿಂದ ಟೈಲಿಗೆ ಒಂದೇ ಗೆರೆಯಲ್ಲಿ ಓಡಿರುತ್ತದೆ, ಡೇರೆಯಂತೆ ಏಳುವುದಿಲ್ಲ. ಹಾಗೇನಾದರೂ ಇದ್ದರೆ ಟೈಲ್ಸ್‌ನವರನ್ನಲ್ಲ, ಎಂಜಿನಿಯರ್ ಒಬ್ಬರನ್ನು ಕರೆಸು.

ಪ್ರಶ್ನೆ: ಇಳಕಲ್ಲಿನಲ್ಲಿ ಸೀರೆ ಅಂಗಡಿ. ಕೆಂಪು ಗ್ರಾನೈಟ್ ನೆಲ. ಕಬ್ಬಿಣದ ಕಪಾಟು ಸರಿಸಿದಾಗ ಅದರ ಕಾಲಿನ ಜಾಗದಲ್ಲಿ ನಾಲ್ಕು ತುಕ್ಕಿನ ಡಾಗು. ಅಂಗಡಿಯಲ್ಲಿ ‘ತುಕ್ಕು ತೆಗೆಯುವ ಎಣ್ಣೆ’ ಕೊಟ್ಟಿದ್ದಾರೆ, ಹಚ್ಚಲೇ?

ಉತ್ತರ: ಬಾಟ್ಲಿಯ ಮೇಲೆ ಹೈಡ್ರೊಫ್ಲೋರಿಕ್ ಎಂದು ಇದ್ದರೆ ಮುಟ್ಟಲೂ ಬೇಡಿ. ಗ್ರಾನೈಟನ್ನು ತಿನ್ನುವ ಆಸಿಡ್ ಅದೊಂದೇ ಎನ್ನಬಹುದು, ಕೈಗೆ ಬಿದ್ದರೆ ಮೇಲೆ ಗಾಯ ಕಾಣದೆಯೂ ಎಲುಬಿನವರೆಗೆ ಇಳಿಯುತ್ತದೆ. ಆಕ್ಸಾಲಿಕ್ ಪುಡಿ ತನ್ನಿ, ಮೊಸಾಯಿಕ್ ಪಾಲಿಶ್ ಮಾಡುವವರ ಹತ್ತಿರ ಇರುತ್ತದೆ. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಟಾಲ್ಕಂ ಪುಡಿ ಸೇರಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಿಸಿ ಡಾಗಿನ ಮೇಲೆ ಬಿಲ್ಲೆ ತಟ್ಟಿ. ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು ತೆಗೆದು ತೊಳೆಯಿರಿ. ಒಮ್ಮೆಗೆ ಹೋಗದಿದ್ದರೆ ಮತ್ತೊಮ್ಮೆ. ಅದೂ ವಿಷವೇ, ಕೈಗವಸು ಇರಲಿ, ಚಹಾದ ಕಪ್ಪಿನಲ್ಲಿ ಕಲಿಸಬೇಡಿ. ಕಪಾಟಿನ ಕಾಲಿಗೆ ರಬ್ಬರ್ ಟೋಪಿ ಹಾಕಿಸಿದ ಮೇಲೆಯೇ ಅದನ್ನು ಮತ್ತೆ ಅಲ್ಲಿ ಇಡಿ.

ಪ್ರಶ್ನೆ: ನಮ್ಮದು ಜಮಖಂಡಿಯಲ್ಲಿ ಬಂಗಾರದ ಅಂಗಡಿ. ಹೊಸ್ತಿಲು, ಮುಂದಿನ ಮೆಟ್ಟಿಲು ಬಿಳಿ ಸಂಗಮರಮರಿ. ಅಮಾವಾಸ್ಯೆಗೊಮ್ಮೆ ಲಿಂಬಿಹಣ್ಣು ಕೊಯ್ದು ಕುಂಕುಮ ಹಚ್ಚಿ ಹೊಸ್ತಿಲಿನ ಎರಡೂ ಕಡೆ ಇಡುತ್ತೇವೆ, ಒಂದನ್ನು ತುಳಿದು ಒಡೆಯುತ್ತೇವೆ. ಎರಡು ವರ್ಷದಲ್ಲಿ ಹೊಸ್ತಿಲ ಮೇಲೆ ಮಂಕು ಕಲೆ, ಗುಲಾಬಿ ಡಾಗು. ಪೂಜೆ ಬಿಡುವ ಹಾಗಿಲ್ಲ.

ಉತ್ತರ: ಪೂಜೆ ಬಿಡಿ ಎಂದು ನಾನೆಲ್ಲಿ ಹೇಳಿದೆ? ಮೇಲೆ ಮೊದಲ ಪತ್ರಕ್ಕೆ ಲಿಂಬಿರಸದ ಪರೀಕ್ಷೆ ಬರೆದಿದ್ದೇನಲ್ಲ, ನೀವು ಅದನ್ನು ತಿಂಗಳಿಗೊಮ್ಮೆ, ಇಪ್ಪತ್ನಾಲ್ಕು ಸಲ, ಒಂದೇ ಜಾಗದಲ್ಲಿ ಮಾಡಿದ್ದೀರಿ. ರಸ ಬಿದ್ದಷ್ಟೂ ಸಲ ಸಂಗಮರಮರಿ ಮಂಕಾಗಿದೆ. ಆ ಮಂಕು ಒರೆಸಿದರೆ ಹೋಗುವ ಡಾಗಲ್ಲ, ಕಲ್ಲು ಸವೆದದ್ದು. ಪಾಲಿಶ್‌ನವರು ಕೈಯಲ್ಲಿ ಹಿಡಿಯುವ ಸಣ್ಣ ಮಷಿನ್ನಿನಿಂದ ಹೊಸ್ತಿಲಷ್ಟನ್ನೇ ತಿಕ್ಕಿಕೊಡುತ್ತಾರೆ, ಅರ್ಧ ದಿನದ ಕೆಲಸ.

ಗುಲಾಬಿ ಡಾಗು ಕುಂಕುಮದ ಬಣ್ಣದ್ದು. ಕುಂಕುಮ ಬಿದ್ದಾಗ ಜನ ಮೊದಲು ನೀರು ಹಾಕುತ್ತಾರೆ, ಅಲ್ಲಿಗೆ ಬಣ್ಣ ಕಲ್ಲಿನೊಳಗೆ ಇಳಿಯಿತು. ಒಣ ಬ್ರಷ್‌ನಿಂದ ಮೊರಕ್ಕೆ ಎತ್ತಿ, ಆಮೇಲೆ ಹಿಂಡಿದ ಅರಿವೆಯಿಂದ ಒರೆಸಬೇಕು. ಅರಿಷಿಣದ ಡಾಗು ಬಿಸಿಲಿಗೆ ತಾನೇ ಮಾಸುತ್ತದೆ, ಕುಂಕುಮದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ಹೊಸ್ತಿಲಿನ ಎರಡೂ ಕಡೆ ಸಣ್ಣ ಸ್ಟೀಲ್ ತಾಟು ಇಟ್ಟು ಅದರ ಮೇಲೆ ಲಿಂಬಿಹಣ್ಣು ಇಡಿ. ತುಳಿಯುವುದನ್ನು ಮೆಟ್ಟಿಲ ಕೆಳಗೆ, ರಸ್ತೆಯ ಕಾಂಕ್ರೀಟ್ ಮೇಲೆ ತುಳಿಯಿರಿ. ನಮ್ಮ ಮನೆಯಲ್ಲಿ ಹೊಸ್ತಿಲಿಗೆ ಸಂಗಮರಮರಿ ಹಾಕಿಸುತ್ತೇನೆ ಎಂದಾಗ ನನ್ನ ಹೆಂಡತಿ, ‘ಹಾಕಸ್ರಿ, ಆದ್ರ ಕಾಯಿ ಒಡಿಯೂದು, ಲಿಂಬಿ ಇಡೂದು ಅಲ್ಲೇ’ ಅಂದಳು. ಕಡಪಾ ಕಲ್ಲು ಹಾಕಿಸಿದೆ. ಅದೂ ಸುಣ್ಣದ ಬಳಗವೇ, ಮಂಕಾಗಿದೆ, ತಾಟು ಆಮೇಲೆ ಬಂತು.

ಮುಂದಿನ ಸಂಚಿಕೆಗೆ ಬರೆಯುವವರು ಪತ್ರದ ಜೊತೆ ನೆಲದ ಫೋಟೊ ಕಳಿಸಿ. ಒರೆಸಿ ಒದ್ದೆ ಇದ್ದಾಗ ತೆಗೆದದ್ದು ಬೇಡ, ಪೂರ್ತಿ ಒಣಗಿದ ಮೇಲೆ ತೆಗೆದದ್ದು.